ಮೊದಲ ಡಿಕಾಕ್ಷನ್

ಹಿನಕಲ್
೧೨–೬–೨೦೦೩

ಅಪ್ಪನಿಗೆ ಅಲಮೇಲು ಮಾಡುವ ನಮಸ್ಕಾರಗಳು.

ಬೆಳಿಗ್ಗೆ ನಿಮಗೆ ಕಾಫಿ ಸಿಕ್ಕಿರಲಾರದು. ಫಿಲ್ಟರಿನ ಮೇಲಿನ ತೂತಿನ ಪಾತ್ರೆ ನನ್ನ ಬ್ಯಾಗಿನಲ್ಲಿದೆ. ನಾನು ಗೆಳತಿ ಹೇಮಶ್ರೀಯ ಮನೆಯಲ್ಲಿದ್ದೇನೆ, ಹುಡುಕಬೇಡಿ.

ನಮ್ಮ ಮನೆಯಲ್ಲಿ ಮೊದಲ ಡಿಕಾಕ್ಷನ್ ಗಂಡಸರಿಗೆ, ಅದೇ ಪುಡಿಗೆ ಮತ್ತೆ ನೀರು ಹುಯ್ದು ಇಳಿಸಿದ್ದು ಹೆಂಗಸರಿಗೆ. ಅಮ್ಮ ಕೊನೆಯವರೆಗೂ ಅದನ್ನೇ ಕುಡಿದಳು. ನಾನು ದಿನವೂ ಮೊದಲನೆಯದನ್ನು ಬಗ್ಗಿಸಿಕೊಳ್ಳುತ್ತಿದ್ದುದನ್ನು ಕಂಡು, "ಈ ಕಾಫಿಯಿಂದ್ಲೇ ನಿನಗೆ ಕೂತಲ್ಲಿ ಕೂರಕ್ಕಾಗ್ತಿಲ್ಲ ಕಣೇ" ಎಂದು ಪುಡಿ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಿರಿ; ಬೆಳಿಗ್ಗೆ ನಿಮ್ಮ ಲೋಟಕ್ಕೆ ಬೇಕಾದಷ್ಟು ಪುಡಿ ಮಾತ್ರ ತೆಗೆದುಕೊಟ್ಟಿರಿ, ನನಗೆ ಎರಡನೆಯ ನೀರೇ ಉಳಿಯಿತು. ಮರುದಿನದಿಂದಲೇ ಒಲೆಯ ಮೇಲಿಟ್ಟ ಹಾಲು ಮರೆತು ಸೀದಿತು, ಇಲಾಖೆ ಪರೀಕ್ಷೆಗೆ ಓದಲು ಕುಳಿತವಳು ಸಂಜೆಯೆಲ್ಲ ಒಂದೇ ಪುಟದಲ್ಲಿದ್ದೆ. ಆಗ "ಸೋಮಾರಿ" ಅಂದಿರಿ.

ಇದು ಸೋಮಾರಿತನವಲ್ಲ, ಗಮನ ನಿಲ್ಲದ ತೊಂದರೆ, ಚಿಕ್ಕಂದಿನಿಂದಲೂ ಇದೆ ಎಂದು ಡಾಕ್ಟರು ನಿಮ್ಮೆದುರಿಗೇ ಹೇಳಿದ್ದರು. ಕಾಫಿಯಿಂದ ಅದು ವಾಸಿಯಾಗುವುದಿಲ್ಲ ಎಂದೂ ಹೇಳಿದ್ದರು, ನನಗದು ಗೊತ್ತು. ಆದರೆ ಗಟ್ಟಿಯಾದ ಒಂದು ಲೋಟ ಕುಡಿದ ಮೇಲೆ ಹಿಡಿದ ಕೆಲಸ ಮುಗಿಯುವವರೆಗೆ ಕೂರುತ್ತೇನೆ. ನಿಮ್ಮ ಎರಡನೆಯ ನೀರಿನಿಂದ ಅದು ಆಗುವುದಿಲ್ಲ.

ಭಾನುವಾರ ಬೆಳಿಗ್ಗೆ ಬರುತ್ತೇನೆ. ಪುಡಿ ಡಬ್ಬಿ ಒಲೆಯ ಪಕ್ಕದಲ್ಲಿರಲಿ. ಲೋಟಗಳನ್ನು ತೊಳೆದಿಡಿ, ನನ್ನದನ್ನೂ. ಡಿಕಾಕ್ಷನ್ ನಾನೇ ಹಾಕುತ್ತೇನೆ. ಮೊದಲನೆಯದು ನನಗೆ. ಅಮ್ಮ ಅಷ್ಟು ವರ್ಷ ಕುಡಿದದ್ದರ ರುಚಿ ಹೇಗಿತ್ತೆಂದು ನೀವೂ ಒಮ್ಮೆ ನೋಡಿ.

ನಿಮ್ಮದೇ ಹಠ ಬಂದಿರುವ ಮಗಳು,
ಅಲಮೇಲು