ಒಂದು ಕೆಲಸಕ್ಕೆ ಒಬ್ಬರೇ

ಮನೆ ಕೆಳಗಿನ ಅಂಗಡಿ,
ತಾರೀಕು ಹದಿನಾಲ್ಕು, ಗುರುವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ನಿನ್ನ ತಮ್ಮನ ನಮಸ್ಕಾರ. ಮಂಡಿ ಹೇಗಿದೆ? ಊತ ಇಳಿಯಿತಾ? ಮಲಗುವಾಗ ದಿಂಬನ್ನು ಹಿಮ್ಮಡಿ ಕೆಳಗೆ ಇಡು, ಮಂಡಿ ಕೆಳಗೆ ಇಡಬೇಡ, ಡಾಕ್ಟರು ನನ್ನ ಎದುರಿಗೇ ಹೇಳಿದ್ದರು, ನೀನು ಆಗ ಕಿಟಕಿ ಕಡೆ ನೋಡುತ್ತಿದ್ದೆ. ಅಳಿಯಂದಿರು ಬಾತ್‌ರೂಮಿಗೆ ಹಿಡಿಕೆ ಹಾಕಿಸಿದರಾ? ಹಾಕಿಸಿದ್ದರೆ ಗಟ್ಟಿಯಾಗಿದೆಯಾ ಅಂತ ಒಂದು ಸಲ ಜಗ್ಗಿ ನೋಡಬೇಕು, ಆದರೆ ನೀನು ಜಗ್ಗಬೇಡ, ಅವರ ಕೈಲೇ ಜಗ್ಗಿಸು. ನಿನ್ನ ಮಗಳಿಗೆ ನಾನು ಕೇಳಿದೆ ಅಂತ ಹೇಳು. ಇಲ್ಲಿ ನಾನು ಚೆನ್ನಾಗಿದ್ದೇನೆ, ಮಿಷನ್ ಮುಂದೆ ಕೂತರೂ ಹೊಲಿಗೆ ಮಾತ್ರ ಬೆಳಿಗ್ಗೆಯಿಂದ ನೆಟ್ಟಗೆ ಬೀಳುತ್ತಿಲ್ಲ.

ಫೋನ್ ಮಾಡುವುದು ಬಿಟ್ಟು ಕಾಗದ ಯಾಕೆ ಬರೆದ ಅನ್ನುತ್ತೀಯ. ಫೋನಿನಲ್ಲಿ ನನ್ನ ಮಾತು ಮುಗಿಯುವುದರೊಳಗೆ ನೀನು ಉತ್ತರ ಕೊಟ್ಟುಬಿಡುತ್ತೀಯ, ಅದೊಂದು. ಇನ್ನೊಂದು, ಇವತ್ತು ರೇಡಿಯೋ ಅಜ್ಜಿಗೆ, ಅದೇ ಮಹಡಿ ಮನೆಯಲ್ಲಿ ಒಬ್ಬರೇ ಇಡೀ ದಿನ ರೇಡಿಯೋ ಹಾಕಿಕೊಂಡು ಕೂರುತ್ತಾರಲ್ಲ, ಅವರಿಗೆ ಕಣ್ಣಿನ ಆಪರೇಷನ್. ಬ್ಯೂಟಿ ಪಾರ್ಲರಿನವಳು ಒಬ್ಬಳೇ ಅಜ್ಜಿಯನ್ನು ಕರೆದುಕೊಂಡು ಹೋಗಿದ್ದಾಳೆ. ನಾನು ಹಿಂದೆ ಹೋಗಬಾರದು, ಗಳಿಗೆಗೊಮ್ಮೆ ಫೋನ್ ಮಾಡಿ ಎಲ್ಲಿದ್ದೀಯ ಏನಾಯ್ತು ಅಂತ ಪೀಡಿಸಬಾರದು ಅಂತ ಗಟ್ಟಿ ಮನಸ್ಸು ಮಾಡಿದ್ದೇನೆ. ಕೈಗೆ ಏನಾದರೂ ಕೆಲಸ ಬೇಕಲ್ಲ. ಏಳನೇ ಕ್ಲಾಸು ಅರ್ಧಕ್ಕೆ ಬಿಟ್ಟವನ ಅಕ್ಷರ, ಹೊಂದಿಸಿಕೊಂಡು ಓದು. ಇವತ್ತು ಏನಾದರೂ ಹೆಚ್ಚುಕಮ್ಮಿ ಆದರೆ ನಗರಸಭೆಯ ಮೇಡಂ ನೀನು ಕಟ್ಟಿದ ಈ ಜೊತೆಗೆ ಹೋಗುವ ಕೆಲಸವನ್ನೇ ನಿಲ್ಲಿಸುತ್ತಾರೆ. ನಮ್ಮವರು ಸಂಬಳವಿಲ್ಲದೆ ಒಂಟಿ ಮುದುಕರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಪಕ್ಕದಲ್ಲಿ ಕೂತು, ಮನೆ ಬಾಗಿಲಿಗೆ ಬಿಟ್ಟು ಬರುವುದು ಇನ್ನು ಇರುವುದಿಲ್ಲ. ನಿನಗೆ ಅವತ್ತು ಅರ್ಧವೇ ಹೇಳಿದ್ದೆ, ಈಗ ಪೂರ್ತಿ ಹೇಳುತ್ತೇನೆ, ಮಧ್ಯದಲ್ಲಿ ಬೈಯಬೇಡ.

ನೀನು ಇದನ್ನು ನನ್ನ ಕೈಗೆ ಬಿಟ್ಟು ಮಂಡಿ ನೋವಿಗೆ ಮಗಳ ಮನೆಗೆ ಹೋದ ಮೇಲೆ ನನಗೆ ಒಂದೇ ಚಿಂತೆ, ಹೋಗುತ್ತೇನೆ ಅಂದವರು ಹೋಗದಿದ್ದರೆ? ಜ್ವರ ಬಂದರೆ, ಬಸ್ಸು ತಪ್ಪಿದರೆ, ಮನೆಗೆ ನೆಂಟರು ಬಂದುಬಿಟ್ಟರೆ? ನಿನಗೆ ಗೊತ್ತು ನನ್ನ ಅಭ್ಯಾಸ, ಪ್ಯಾಂಟಿಗೆ ಒಂದು ಹೊಲಿಗೆ ಸಾಕಾದ ಕಡೆ ಎರಡು ಹಾಕುವವನು ನಾನು, ಒಂದು ಬಿಟ್ಟರೆ ಇನ್ನೊಂದು ಹಿಡಿದುಕೊಳ್ಳಲಿ ಅಂತ. ಅದನ್ನೇ ಇಲ್ಲಿಯೂ ಮಾಡಿದೆ. ಪ್ರತಿಯೊಬ್ಬ ಮುದುಕರಿಗೂ ಇಬ್ಬಿಬ್ಬರನ್ನು ಹಾಕಿದೆ. ರೇಡಿಯೋ ಅಜ್ಜಿಗೆ ರಿಟೈರಾದ ನಮ್ಮ ಕಂಡಕ್ಟರಣ್ಣ, ಜೊತೆಗೆ ಪಾರ್ಲರಿನವಳು. ಇಬ್ಬರಿಗೂ ಬೇರೆ ಬೇರೆ ಹೇಳಿದೆ, ನೀವು ಹೋಗಿ, ಆಗದಿದ್ದರೂ ಪರವಾಗಿಲ್ಲ, ಇನ್ನೊಬ್ಬರಿದ್ದಾರೆ ಅಂತ. ಅವರಿಗೆ ಭಾರ ಆಗದಿರಲಿ ಅಂತ ಹೇಳಿದ್ದು ಅಕ್ಕಾ. ಅವಳು ಅವರು ಹೋಗಿರುತ್ತಾರೆ ಅಂದುಕೊಂಡಳು, ಅವರು ಅವಳು ಹೋಗಿರುತ್ತಾಳೆ ಅಂದುಕೊಂಡರು. ನಾನು ಇಬ್ಬರಿದ್ದಾರಲ್ಲ ಅಂತ ಜನ್ಮದಲ್ಲಿ ಮೊದಲ ಸಲ ನಿಶ್ಚಿಂತೆಯಿಂದ ಅಂಗಿಯ ಗುಂಡಿಗಳಿಗೆ ಕಾಜಾ ಕಟ್ಟುತ್ತಾ ಕೂತಿದ್ದೆ.

ಆಪರೇಷನ್‌ಗೆ ಮೊದಲು ಗೊತ್ತಾಗಿದ್ದ ಆ ದಿನ ಅಜ್ಜಿ ಬೆಳಿಗ್ಗೆಯೇ ಚಪ್ಪಲಿ ಮೆಟ್ಟಿಕೊಂಡು ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಬಾಗಿಲು ತಟ್ಟಿದ್ದು ಕೇಳಲಿ ಅಂತ ರೇಡಿಯೋ ಆರಿಸಿದ್ದಾರೆ. ಕೊನೆಗೆ ತಾವೇ ಇಳಿಯೋಣ ಅಂತ ಹೊರಟವರು ಮೆಟ್ಟಿಲಲ್ಲಿ ಜಾರಿದರು. ಆ ರೇಡಿಯೋ ಸದ್ದು ನಿಂತದ್ದಕ್ಕೇ ಕೆಳಗಿನ ಮನೆಯಾಕೆ ಅನುಮಾನ ಬಂದು ಮೇಲೆ ಹತ್ತಿ ನೋಡಿದ್ದು. ದೇವರು ದೊಡ್ಡವನು, ಮಣಿಕಟ್ಟು ಊದಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಆಪರೇಷನ್ ಮಾತ್ರ ಮುಂದಕ್ಕೆ ಹೋಯಿತು. ನಾನು ನೋಡಲು ಹೋದಾಗ ಅಜ್ಜಿ ಬೈಯಲೇ ಇಲ್ಲ. ನಿಮಗೆಲ್ಲ ಕೆಲಸ ಇರುತ್ತಪ್ಪ, ಅಂದರು. ಎರಡು ಬೈದಿದ್ದರೆ ಚೆನ್ನಾಗಿತ್ತು.

ಮೇಡಂ ಕರೆಸಿದರು. ಆ ಕೋಣೆ ನೀನು ನೋಡಿದ್ದೀಯಲ್ಲ, ಕಪಾಟಿನ ಮೇಲೆಲ್ಲ ಫೈಲು, ಕೂರಲು ಹೋದರೆ ಕುರ್ಚಿ ಮೇಲೂ ಫೈಲು. ನಿಂತೇ ಇದ್ದೆ. ನಿಮ್ಮ ಜನ ಒಳ್ಳೆಯವರೇ ರೀ, ಆದರೆ ಒಳ್ಳೆಯತನಕ್ಕೆ ಹಾಜರಿ ಹಾಕಕ್ಕಾಗಲ್ಲ, ಅಂದರು. ಆಸ್ಪತ್ರೆ ಸಹವಾಸ ಬಿಡಿ, ನಿಮ್ಮವರನ್ನು ಪಾರ್ಕಿನ ಗಿಡಕ್ಕೆ ನೀರು ಹಾಕಲು ಕಳಿಸಿ, ಗಿಡ ಬಿದ್ದರೆ ನನ್ನನ್ನು ಯಾರೂ ಪ್ರಶ್ನೆ ಕೇಳಲ್ಲ, ಅಂದರು. ಆಯ್ತು ಮೇಡಂ ಅಂತ ಹೇಳಲು ಬಾಯಿ ತೆರೆದೆ. ಹೊರಗೆ ಬಂದದ್ದು ಬೇರೆ ಮಾತು. ಅದೇ ಅಜ್ಜಿಯನ್ನು ನಾವೇ ಕರೆದುಕೊಂಡು ಹೋಗಿ ಬರುತ್ತೇವೆ, ಅದು ಸರಿಹೋಗದಿದ್ದರೆ ಆಮೇಲೆ ನಿಲ್ಲಿಸಿ, ಅಂದೆ. ಎಲ್ಲಿಂದ ಬಂತೋ ಧೈರ್ಯ. ಮೇಡಂ ನನ್ನ ಮುಖ ನೋಡಿ, ಆಯ್ತು, ಅದೊಂದು ನೋಡೋಣ, ಅಂದರು. ಅಲ್ಲಿಂದ ಹೊರಗೆ ಬಂದು ನಿನಗೆ ಫೋನ್ ಮಾಡಿ ಗೋಗರೆದದ್ದು, ನೀನು ಬಂದುಬಿಡು, ನನ್ನ ಕೈಲಿ ಆಗಲ್ಲ ಅಂತ. ನೀನು ತಕ್ಷಣ, ಹದಿನೆಂಟನೇ ತಾರೀಕು ಸೋಮವಾರ ಬಸ್ಸು ಹತ್ತುತ್ತೇನೆ ಅಂದೆ.

ಆಮೇಲೆ ಇಬ್ಬರ ಮನೆಗೂ ಹೋದೆ. ಕಂಡಕ್ಟರಣ್ಣ ಒಳಗೆ ಬಾ ಅನ್ನಲಿಲ್ಲ. ಇಷ್ಟು ವರ್ಷದ ಸರ್ವೀಸಿನಲ್ಲಿ ಒಬ್ಬ ಪ್ಯಾಸೆಂಜರನ್ನೂ ನಡುದಾರಿಯಲ್ಲಿ ಬಿಟ್ಟವನಲ್ಲ, ಈಗ ನಿನ್ನಿಂದ ಕೆಟ್ಟ ಹೆಸರು, ಇನ್ನು ನಾನು ಬರಲ್ಲ, ಅಂದರು. ನಾನು ತಲೆ ತಗ್ಗಿಸಿ ನಿಂತೇ ಇದ್ದೆ. ಕೊನೆಗೆ ನನ್ನನ್ನು ನಿಲ್ಲಿಸಿ ನಿಲ್ಲಿಸಿ ಅವರಿಗೇ ಸಾಕಾಗಿ, ಒಂದು ಬಸ್ಸಿಗೆ ಇಬ್ಬರು ಕಂಡಕ್ಟರನ್ನು ಹಾಕಿದರೆ ಟಿಕೆಟ್ ಯಾರೂ ಕೊಡಲ್ಲ ಕಣಯ್ಯಾ, ನಿನ್ನ ಟೈಲರ್ ಬುದ್ಧಿ ಅಂಗಡಿಯಲ್ಲೇ ಇಟ್ಟುಕೋ, ಅಂದರು. ಅಷ್ಟು ಅಂದ ಮೇಲೆ ನೀರು ಕೊಟ್ಟರು.

ಪಾರ್ಲರಿನವಳ ಮಾತೇ ನನ್ನನ್ನು ಮಲಗಲು ಬಿಡಲಿಲ್ಲ. ಶಟರ್ ಅರ್ಧ ಎಳೆದುಕೊಂಡು ನೆಲದ ಕೂದಲು ಗುಡಿಸುತ್ತಿದ್ದಳು. ಗುಡಿಸುತ್ತಲೇ ಹೇಳಿದಳು. ಅಣ್ಣಾ, ಕಂಡಕ್ಟರಣ್ಣ ಹೋಗ್ತಾರೆ ಅಂದಾಗ ನನಗೆ ಸಮಾಧಾನ ಆಯ್ತು, ನನಗೆ ಆ ಆಸ್ಪತ್ರೆ ಬಾಗಿಲು ದಾಟಕ್ಕೆ ಭಯ, ಅಂತ. ಹೋದ ತಿಂಗಳು ಅವಳು ಬೀಗದ ತಾತನ ಜೊತೆ ಹೋಗಿದ್ದಳಲ್ಲ, ಬೀಗ ರಿಪೇರಿ ಮಾಡುತ್ತಿದ್ದವರು. ತಾತ ನೀರು ಕೇಳಿದರಂತೆ, ಇವಳು ತಂದುಕೊಡುವುದರೊಳಗೆ ಪ್ರಾಣ ಹೋಗಿಬಿಟ್ಟಿತ್ತು. ಇವರು ನಿಮಗೇನಾಗಬೇಕು ಅಂತ ನರ್ಸ್ ಕೇಳಿದರೆ, ಏನೂ ಆಗಬೇಕಿಲ್ಲ ಅಂದಳಂತೆ. ಹಾಗಾದರೆ ಹೊರಗಿರಿ, ಅಂದರಂತೆ. ನೀರಿನ ಲೋಟ ಕೈಯಲ್ಲೇ ಹಿಡಿದುಕೊಂಡು ಬಸ್ಸು ಹತ್ತಿ ಬಂದು ಪಾರ್ಲರ್ ತೆರೆದು ಯಾರಿಗೋ ಮದುವೆ ಮೇಕಪ್ ಮಾಡಿದ್ದಾಳೆ. ತಾತ ಹೋದ ಸುದ್ದಿ ಅವತ್ತು ಸಂಜೆಯೇ ನನಗೆ ಗೊತ್ತಾಗಿತ್ತು ಅಕ್ಕಾ. ಅವಳಿಗೆ ಫೋನೂ ಮಾಡಿದ್ದೆ. ಏನು ಕೇಳಿದ್ದೆ ಗೊತ್ತಾ, ಮುಂದಿನ ವಾರ ರೇಡಿಯೋ ಅಜ್ಜಿ ಜೊತೆ ಹೋಗಲು ಆಗುತ್ತಾ ಅಂತ. ಊಟ ಮಾಡಿದೆಯಾ ಅಂತ ಕೂಡ ಕೇಳಲಿಲ್ಲ. ನನ್ನ ಗಾಬರಿಯನ್ನೆಲ್ಲ ಕೆಲಸದ ಮೇಲೆ ಖರ್ಚು ಮಾಡಿ, ಮಾಡುವವರಿಗೆ ಒಂದು ಚೂರೂ ಉಳಿಸಿರಲಿಲ್ಲ.

ಆ ಭಾನುವಾರ ಎಲ್ಲರನ್ನೂ ಅಂಗಡಿಗೆ ಕರೆದೆ. ಬಟ್ಟೆ ರಾಶಿ ಸರಿಸಿ ಜಾಗ ಮಾಡಿದೆ. ಇನ್ನು ಮೇಲೆ ಒಂದು ಕೆಲಸಕ್ಕೆ ಒಬ್ಬರೇ, ಅದನ್ನು ಅವರೇ ಎಲ್ಲರೆದುರಿಗೆ ನಾನು ಹೋಗುತ್ತೇನೆ ಅಂತ ಬಾಯಿ ಬಿಟ್ಟು ಹೇಳಬೇಕು, ಆಗದಿದ್ದರೆ ಹಿಂದಿನ ಸಂಜೆಯೇ ನನಗೆ ಹೇಳಬೇಕು, ಕಾರಣ ಕೇಳುವುದಿಲ್ಲ, ನಾನೇ ಹೋಗುತ್ತೇನೆ, ಅಂದೆ. ಹೋಗಿ ಬಂದವರು ಮನೆಗೆ ಹೋಗುವ ಮೊದಲು ಅಂಗಡಿಗೆ ಬರಬೇಕು, ಟೀ ಕುಡಿದು, ಏನಾಯಿತು ಅಂತ ಹೇಳಿ, ಆಮೇಲೆ ಹೋಗಬೇಕು. ಇದೇನು ಪೊಲೀಸ್ ಠಾಣೆಯಾ ಸಹಿ ಹಾಕಿ ಹೋಗಕ್ಕೆ, ಅಂತ ಕಂಡಕ್ಟರಣ್ಣ ಗೊಣಗಿದರು. ಈಗ ನೋಡಿದರೆ ಅವರೇ ಬಂದು ಕೂತರೆ ಶಟರ್ ಹಾಕುವವರೆಗೆ ಏಳುವುದಿಲ್ಲ.

ರೇಡಿಯೋ ಅಜ್ಜಿಯ ಜೊತೆ ಹೋಗುವವರು ಯಾರು ಅಂತ ಕೇಳಿದೆ. ಪಾರ್ಲರಿನವಳು, ನಾನು ಹೋಗ್ತೀನಿ, ಅಂದಳು. ಬೇಡಮ್ಮಾ ಅಂತ ನನ್ನ ನಾಲಿಗೆ ತುದಿಗೆ ಬಂದಿತ್ತು. ಕಂಡಕ್ಟರಣ್ಣ ಒಮ್ಮೆ ದಿಟ್ಟಿಸಿದರು ನೋಡು, ಬಾಯಿ ಮುಚ್ಚಿಕೊಂಡೆ. ನೀನು ಹಿಂದೆಯೇ ಒಬ್ಬರನ್ನು ಕಳಿಸಿದರೆ ನನ್ನ ಮೇಲೆ ನಂಬಿಕೆ ಇಲ್ಲ ಅಂತಲೇ ಅರ್ಥ ಅಣ್ಣಾ, ಅಂತ ಹೋಗುವಾಗ ಹೇಳಿ ಹೋದಳು. ಆಸ್ಪತ್ರೆಯಲ್ಲಿ ಅಜ್ಜಿಗೆ ನೀನು ಏನಾಗಬೇಕು ಅಂತ ಕೇಳಿದರೆ ನಗರಸಭೆಯಿಂದ ಬಂದ ಜೊತೆಯವಳು ಅಂತ ಗಟ್ಟಿಯಾಗಿ ಹೇಳು ಅಂತ ಹೇಳಿಕೊಟ್ಟಿದ್ದೇನೆ.

ಬೆಳಿಗ್ಗೆಯಿಂದ ಒಂದು ಅಂಗಿಯ ಎಡತೋಳನ್ನು ಬಲಕ್ಕೆ ಹಚ್ಚಿ ಬಿಚ್ಚಿದೆ. ದಾರ ತರುವ ನೆವದಲ್ಲಿ ಬಸ್ ಸ್ಟಾಪಿನವರೆಗೆ ಹೋಗಿ, ದಾರವನ್ನೂ ತರದೆ ವಾಪಸು ಬಂದೆ. ಅದನ್ನು ಕಂಡು ಕಂಡಕ್ಟರಣ್ಣ ನನ್ನ ಫೋನ್ ಕಿತ್ತುಕೊಂಡು ಜೇಬಿಗೆ ಹಾಕಿಕೊಂಡು ಇಲ್ಲೇ ಬೆಂಚಿನ ಮೇಲೆ ಪೇಪರ್ ಓದುತ್ತಾ ಕೂತಿದ್ದಾರೆ. ಪೇಪರಿನ ಹಾಳೆ ಮಗುಚಿದ್ದನ್ನು ನಾನು ಒಂದು ಸಲವೂ ನೋಡಿಲ್ಲ. ಊಟದ ಹೊತ್ತು ಮೀರಿತು. ಇಬ್ಬರಿಗೂ ಹಸಿವಿಲ್ಲ.

ನಿನ್ನ ಮಗಳಿಗೂ ಅಳಿಯಂದಿರಿಗೂ ನನ್ನ ಆಶೀರ್ವಾದ. ಮಾತ್ರೆ ತಪ್ಪಿಸಬೇಡ, ಒದ್ದೆ ನೆಲದಲ್ಲಿ ಕಾಲಿಡಬೇಡ, ನನ್ನ ಚಿಂತೆ ಮಾಡಬೇಡ, ಅದನ್ನು ನಾನೇ ಸಾಕಷ್ಟು ಮಾಡುತ್ತೇನೆ.

ಇಂತು ನಿನ್ನ ತಮ್ಮ,
ಗಾಬರಿರಾಯ

ತಾ. ಕ. : ಲಕೋಟೆಗೆ ಅಂಟು ಹಚ್ಚುವಾಗ ಅಜ್ಜಿಯೂ ಪಾರ್ಲರಿನವಳೂ ಆಸ್ಪತ್ರೆಯಿಂದ ಬಂದರು. ಅಜ್ಜಿಯ ಕಣ್ಣಿಗೆ ಪಟ್ಟಿ ಹಾಕಿದ್ದಾರೆ, ಎಲ್ಲ ಸರಿಯಾಗಿದೆ. ಪಾರ್ಲರಿನವಳು ಅಜ್ಜಿಯನ್ನು ಮನೆ ಸೇರಿಸಿ ಬಂದು ಟೀ ಕುಡಿಯುತ್ತಾ ಅತ್ತಳು, ಆಮೇಲೆ ಡಾಕ್ಟರರ ತಲೆಗೂದಲು ಯಾರು ಕತ್ತರಿಸುತ್ತಾರೋ ಅವರ ಕೈ ಮುರಿಯಬೇಕು ಅಂತ ನಕ್ಕಳು. ಮೇಡಂ ಫೋನ್ ಮಾಡಿದ್ದರು, ಕೆಲಸ ಮುಂದುವರಿಯಲಿ ಅಂದರು. ಹೊಣೆ ನಿಮ್ಮಕ್ಕನದಾ ನಿಮ್ಮದಾ, ಇಬ್ಬರದೂ ಅಂತ ಮಾತ್ರ ಹೇಳಬೇಡಿ, ಅಂದರು. ನನ್ನದು, ಅಂದೆ. ನಿನ್ನನ್ನು ಕೇಳದೆ ಹೇಳಿದ್ದೇನೆ. ಇನ್ನು ನೀನು ಇದನ್ನು ವಹಿಸಿಕೊಳ್ಳಲು ಬರುವುದು ಬೇಡ. ಮಂಡಿ ಪೂರ್ತಿ ವಾಸಿಯಾದ ಮೇಲೆ ಬಾ, ನೀನು ಯಾವ ಮುದುಕರ ಜೊತೆ ಆಸ್ಪತ್ರೆಗೆ ಹೋಗಬೇಕು ಅಂತ ಆಗ ನಾನು ಹೇಳುತ್ತೇನೆ. ಬೇಸರವಾದರೆ ಫೋನಿನಲ್ಲಿ ಬೈ, ಮಧ್ಯದಲ್ಲಿ ಮಾತಾಡದೆ ಕೇಳಿಸಿಕೊಳ್ಳುತ್ತೇನೆ. ಸೋಮವಾರ ಮಾತ್ರ ಬಸ್ಸು ಹತ್ತಬೇಡ.