ಉಪ್ಪಿಟ್ಟಿನ ಮೇಲೊಂದು ಗುಳಿಗೆ

ಕೊಪ್ಪಳ
೯ ಏಪ್ರಿಲ್ ೨೦೨೫

ಗಂಗಾವತಿಯ ಅಕ್ಕ ಕಳಕಮ್ಮನಿಗೆ ತಂಗಿ ಶಿವಲೀಲಾಳ ನಮಸ್ಕಾರ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಸ್ಪೀಕರ್ ಹಾಕುತ್ತೀ, ಮನೆಮಂದಿಯೆಲ್ಲ ನಡುವೆ ಬಾಯಿ ಹಾಕುತ್ತಾರೆ, ನನ್ನ ಮಾತು ಮುಗಿಯುವುದೇ ಇಲ್ಲ. ಅದಕ್ಕೇ ನಿನ್ನ ಮಗ ಬಸವಕುಮಾರನ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ.

ಮೊನ್ನೆ ನಮ್ಮವರು ಅವನ ಕೈಯಲ್ಲೇ ನಿನಗೆ ಗುಳಿಗೆ ಕಳಿಸಿದ್ದಾರಂತೆ. ಸೋಮವಾರ ನೇಪಾಳಕ್ಕೆ ಹೊರಡುವಾಗ ಅವನ್ನು ಒಯ್ಯಬೇಡ.

ಹೋದ ತಿಂಗಳು ನಾವು ಹೋದಾಗ ಏನಾಯಿತೆಂದು ನಿನಗೆ ಯಾರೂ ಹೇಳಿಲ್ಲ. ಪೋಖರಾದಲ್ಲಿ ನಮ್ಮ ಪ್ರವಾಸದ ಬಸ್ಸಿನಲ್ಲಿದ್ದ ಹುಲಗಮ್ಮನಿಗೆ ಒಮ್ಮೆ ಹೊಟ್ಟೆ ಕೆಟ್ಟಿತು. ಮರುದಿನದಿಂದ ಇವರು ಇಡೀ ಬಸ್ಸಿನ ಡಾಕ್ಟರಾದರು. ಕುಷ್ಟಗಿಯಿಂದ ಒಯ್ದಿದ್ದ ಆ್ಯಂಟಿಬಯೋಟಿಕ್ ಗುಳಿಗೆಗಳನ್ನು ಉಪ್ಪಿಟ್ಟು ತಿಂದವರ ಪಂಕ್ತಿಯಲ್ಲಿ ಹಂಚುತ್ತಾ ನಡೆದರು. ಎಲ್ಲರೂ ಅರವತ್ತು ದಾಟಿದವರು. ಹುಲಗಮ್ಮನ ಹೊರತು ಯಾರಿಗೂ ಜಡ್ಡಿರಲಿಲ್ಲ. ಹಿರಿಯರು ಕೈಯಾರೆ ಕೊಟ್ಟದ್ದನ್ನು ಬೇಡ ಅನ್ನುವುದು ಹೇಗೆ? ಎರಡೂ ಕೈ ಒಡ್ಡಿ, ಕಣ್ಣಿಗೊತ್ತಿಕೊಂಡು, ಪ್ರಸಾದದಂತೆ ನುಂಗಿದರು. ಇವರೂ ದಿನಾ ನುಂಗಿದರು. ನಾನು ಬೇಡ ಅಂದರೆ, “ನೀ ಒಬ್ಬಾಕಿ ಭಾಳ ಶಾಣ್ಯಾಕಿ ನೋಡು!” ಎಂದು ಎಲ್ಲರೆದುರು ನಕ್ಕರು.

ಊರಿಗೆ ಬಂದ ಮೇಲೆ ಇವರಿಗೆ ಮೂತ್ರದ ಸೋಂಕು. ಕುಷ್ಟಗಿಯಲ್ಲಿ ಕೊಟ್ಟ ಔಷಧ ನಾಟಲಿಲ್ಲ, ಇಲ್ಲಿ ಕೊಪ್ಪಳದ ಆಸ್ಪತ್ರೆಗೆ ಸೇರಿಸಿದೆವು. ಡಾಕ್ಟರ್ ಅಂಜುಮ ವರದಿ ನೋಡಿ, ಪ್ರವಾಸದಲ್ಲಿ ಏನು ತೆಗೆದುಕೊಂಡಿರಿ ಎಂದು ಕೇಳಿದರು. “ಏನಿಲ್ರಿ, ಬರೇ ಬಿಸಿನೀರು” ಅಂದರು ಇವರು! ನಾನೇ ಹೇಳಬೇಕಾಯಿತು.

“ಔಷಧಕ್ಕ ಬಗ್ಗಲಾರದ ಈ ಸೋಂಕಿನ ಹುಳ ಎಲ್ಲಿಂದ ಬಂತಂತ ಹೇಳಾಕ ಬರೂದಿಲ್ರಿ ಅಮ್ಮಾರ. ಆದ್ರ ಬ್ಯಾಡಾದ ಗುಳಿಗಿ ಹೊಟ್ಯಾಗಿನ ಛಲೋ ಹುಳಾ ಕೊಂದು, ಇಂಥಾವಕ್ಕ ಜಾಗ ಮಾಡಿಕೊಡ್ತಾವ” ಅಂದರು ಆಕೆ. ಇವರು ಗೋಡೆಯ ಕಡೆ ಹೊರಳಿದರು. ಡಾಕ್ಟರ್ ಹೋದದ್ದೇ ತಡ, “ಆಕಿಗೇನು ಗೊತ್ತು? ಬಸ್ಸಿನಾಗ ಒಬ್ಬರರ ಸತ್ತಾರೇನು?” ಎಂದರು. ಇಂಥವರಿಗೆ ಏನು ಹೇಳಲಿ, ಅಕ್ಕ?

ನೀನು ಎಪ್ಪತ್ತರವಳು, ಸಕ್ಕರೆ ಕಾಯಿಲೆಯವಳು. ಓಆರ್‌ಎಸ್ ಪುಡಿ ಇಟ್ಟುಕೋ, ಕಾಯಿಸಿದ ನೀರು ಕುಡಿ. ಜ್ವರ ಬಂದರೆ, ಭೇದಿಯಲ್ಲಿ ರಕ್ತ ಬಿದ್ದರೆ ಅಲ್ಲಿಯ ಡಾಕ್ಟರಿಗೆ ತೋರಿಸು. ಪಂಕ್ತಿಯಲ್ಲಿ ಯಾರು ಬಂದರೂ ಕೈ ಒಡ್ಡಬೇಡ.

ಇವರು ಸುಧಾರಿಸುತ್ತಿದ್ದಾರೆ. ಚಿಂತೆ ಮಾಡಬೇಡ.

ನಿನ್ನ ತಂಗಿ
ಶಿವಲೀಲಾ

ತಾ.ಕ.: ಈ ಕಾಗದ ಇವರೂ ಓದುತ್ತಾರೆಂದು, ಸುಧಾರಿಸುತ್ತಿದ್ದಾರೆ ಅಂತ ಬರೆದೆ. ಬೈದದ್ದನ್ನು ಓದಲಿ, ಇದನ್ನು ಓದಬಾರದು. ವರಾಂಡಕ್ಕೆ ಬಂದು ಬೇರೆ ಹಾಳೆಯಲ್ಲಿ ಸೇರಿಸುತ್ತಿದ್ದೇನೆ. ಸೋಂಕು ರಕ್ತಕ್ಕೆ ಹೋಗಿದೆ. ಜ್ವರ ಇಳಿದಿಲ್ಲ. ಇವತ್ತು ಮತ್ತೆ ಇಂಜೆಕ್ಷನ್ ಬದಲಿಸಿದ್ದಾರೆ. ಇದೂ ನಾಟದಿದ್ದರೆ ಮುಂದೇನೆಂದು ಕೇಳುವ ಧೈರ್ಯ ನನಗಿಲ್ಲ. ಇಷ್ಟು ಜ್ವರದಲ್ಲೂ ಬೆಳಿಗ್ಗೆ ಕಣ್ಣು ತೆರೆದು ಇವರು ಕೇಳಿದ್ದು ಒಂದೇ: “ಅಕ್ಕಾರಿಗೆ ಗುಳಿಗಿ ಮುಟ್ಟಿದುವೇನು?”