ಸುಣ್ಣಕಟ್ಟು ಅಲ್ಲ

ಕೆಂಪಾಪುರ
೧೭-೧-೨೦೧೬, ಭಾನುವಾರ

ಸಿದ್ದಗಂಗಾಳ ಅಪ್ಪನವರಿಗೆ, ನೀವು ತವರಿಗೆ ಅಟ್ಟಿದ ಹೆಂಡತಿ ದ್ರಾಕ್ಷಾಯಿಣಿಯ ನಮಸ್ಕಾರ.

ಫೋನ್ ಮಾಡಿದರೆ ನನ್ನ ದನಿ ಕೇಳಿದೊಡನೆ ಇಟ್ಟುಬಿಡುತ್ತೀರಿ. ಕಾಗದವನ್ನಾದರೂ ಓದುತ್ತೀರೇನೋ ಎಂದು ಬರೆಯುತ್ತಿದ್ದೇನೆ. ಹರಿದು ಎಸೆದರೂ ನನಗೇನೂ ಹೊಸದಲ್ಲ.

ತಣ್ಣೀರು ಮುಟ್ಟಿದರೆ ನನ್ನ ಬೆರಳುಗಳು ಬಿಳಿಚಿಕೊಳ್ಳುತ್ತಿದ್ದವು. ಆಮೇಲೆ ಕೈಯ ಚರ್ಮವೇ ಬಿಗಿದು ಗಟ್ಟಿಯಾಯಿತು. ರೇಷ್ಮೆಹುಳು ಬೆಳ್ಳಗೆ ಸೆಟೆದು ಸಾಯುವ ರೋಗ ಕಂಡಿದ್ದ ನಿಮ್ಮ ಅವ್ವ, “ಇವ್ಳಿಗೂ ಸುಣ್ಣಕಟ್ಟು ಬಂದೈತೆ ಕಣ್ಲಾ, ಮನೇಲಿ ಇಕ್ಕೊಂಡ್ರೆ ಹುಳ ಎಲ್ಲಾ ಸತ್ತೋಯ್ತವೆ, ಮಗೀಗೂ ಅಂಟ್ತದೆ” ಅಂದರು. ನೀವು ಅದನ್ನೇ ನಂಬಿದಿರಿ. ತಟ್ಟೆಯಿಂದ ಕೆಟ್ಟ ಹುಳು ಆರಿಸಿ ಬಿಸಾಡುವ ಹಾಗೆ ನನ್ನನ್ನು ಮಾಗಡಿ ಬಸ್ಸು ಹತ್ತಿಸಿದಿರಿ. ಹದಿನಾರು ವರ್ಷ ಆ ಹುಳುಗಳಿಗೆ ಸೊಪ್ಪು ಹಾಕಿದ ಕೈ ಇದು.

ಅಣ್ಣ ಗವಿಸಿದ್ದಯ್ಯ ನನ್ನನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ದ. ಮೈಯನ್ನು ಕಾಯಬೇಕಾದ ಶಕ್ತಿಯೇ ಮೈಮೇಲೆ ತಿರುಗಿಬಿದ್ದಿದೆ ಎಂದರು ಡಾಕ್ಟರಮ್ಮ. ಮೇಲ್ಚರ್ಮದ ಜೀವಕೋಶಗಳೂ ಸುಮ್ಮನಿಲ್ಲವಂತೆ. ಗಾಯವೇ ಇಲ್ಲದಿದ್ದರೂ ಗಾಯವಾಗಿದೆಯೆಂದು ಒಳಗಿನ ಕೋಶಗಳಿಗೆ ಸುಳ್ಳು ಸುದ್ದಿ ಮುಟ್ಟಿಸುತ್ತಲೇ ಇರುತ್ತವಂತೆ. ಅವು ಅದನ್ನು ನಂಬಿ, ನಾರು ಹೆಣೆದು ಹೆಣೆದು ಚರ್ಮವನ್ನು ಹಲಗೆ ಮಾಡಿಬಿಡುತ್ತವೆ. ಕೇಳುತ್ತಾ ಕೇಳುತ್ತಾ ನಿಮ್ಮ ಮನೆ ನೆನಪಾಗಿ ನನಗೆ ನಗು ಬಂತು. ಅಲ್ಲೂ ಹೇಳಿದವರು ಒಬ್ಬರು, ವಿಚಾರಿಸದೆ ನಂಬಿದವರು ಇನ್ನೊಬ್ಬರು.

ಇದು ಯಾರಿಗೂ ಅಂಟುವುದಿಲ್ಲ. ಮೂರು ಸಲ ಕೇಳಿದೆ, ಮೂರು ಸಲವೂ ಅದನ್ನೇ ಹೇಳಿದರು. ಬರೆಸಿಕೊಂಡ ಚೀಟಿಯನ್ನು ಜೊತೆಗೆ ಇಟ್ಟಿದ್ದೇನೆ.

ಮಗಳನ್ನು ಒಂದೇ ಒಂದು ಸಲ ಕಳಿಸಿ ಎಂದು ಹೋದ ವರ್ಷ ಬೇಡಿಕೊಂಡೆ. ನೀವು ಅವಳನ್ನು ರಾಮನಗರದ ಹಾಸ್ಟೆಲಿಗೆ ಹಾಕಿ, ಅಮ್ಮನ ಹತ್ತಿರ ಹೋದರೆ ಮತ್ತೆ ಮನೆಗೆ ಸೇರಿಸುವುದಿಲ್ಲ ಎಂದು ಹೆದರಿಸಿದಿರಿ. ಅವಳನ್ನು ಕಳಿಸಿ ಎಂದು ಇನ್ನು ಕೇಳುವುದಿಲ್ಲ. ನೀವು ಬನ್ನಿ ಎಂದೂ ಕರೆಯುವುದಿಲ್ಲ.

ಇತಿ,
ದ್ರಾಕ್ಷಾಯಿಣಿ

ಮರೆಯುವ ಮುಂಚೆ: ಅಪ್ಪಾ, ಅಕ್ಷರ ನೋಡಿಯೇ ನಿಮಗೆ ಗೊತ್ತಾಗಿರಬೇಕು. ಅಮ್ಮನ ಬೆರಳುಗಳು ಈಗ ಪೆನ್ನು ಹಿಡಿಯುವುದಿಲ್ಲ. ಅವಳು ಹೇಳಿದಳು, ನಾನು ಬರೆದೆ. ಸ್ಪೆಷಲ್ ಕ್ಲಾಸ್ ಎಂದು ನಿಮಗೆ ಸುಳ್ಳು ಹೇಳಿ, ಐದು ತಿಂಗಳಿಂದ ಪ್ರತಿ ಭಾನುವಾರ ಇಲ್ಲಿಗೇ ಬರುತ್ತಿದ್ದೇನೆ. ಅನ್ನ ಕಲಸಿ ಅಮ್ಮನಿಗೆ ತಿನ್ನಿಸಿ, ಮಿಕ್ಕಿದ್ದನ್ನು ನಾನೇ ಉಣ್ಣುತ್ತೇನೆ. ನನಗೇನೂ ಅಂಟಿಲ್ಲ. ಮನೆಗೆ ಸೇರಿಸುವುದಿಲ್ಲ ಅಂದಿದ್ದಿರಲ್ಲ, ಪರೀಕ್ಷೆ ಮುಗಿದ ಮೇಲೆ ನಾನು ಅಲ್ಲಿಗೆ ಬರುವುದೂ ಇಲ್ಲ. ಸಿದ್ದಗಂಗಾ.